ಜನವರಿ ತಿಂಗಳ ಹಾಜರಿಯನ್ನು ಕೇಳಿ: ರಾಯಚೂರು ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರಗಳು.

ದೇಶದ ಶಿಕ್ಷಣ ವ್ಯವಸ್ಥೆಯನ್ನು ಬೇರಿನಿಂದಲೇ ಬದಲಿಸುತ್ತೇವೆ ಎಂಬ ಮಾತು ದೆಹಲಿಯಲ್ಲಿ ಹುಟ್ಟಿ ಅರ್ಧ ಶತಮಾನ ದಾಟಿತು. ರಾಷ್ಟ್ರೀಯ ವರಮಾನದ ಶೇ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಕೊಠಾರಿ ಆಯೋಗವು 1966ರಲ್ಲಿ ಹೇಳಿತು. 1968ರ ಶಿಕ್ಷಣ ನೀತಿ ಅದನ್ನು ಒಪ್ಪಿಕೊಂಡಿತು, 1986ರ ನೀತಿ ಮತ್ತೊಮ್ಮೆ ಒಪ್ಪಿಕೊಂಡಿತು, 2020ರ ನೀತಿಯೂ ಅದೇ ಅಂಕಿಯನ್ನು ಬರೆದುಕೊಂಡಿತು. ಯಾವ ಪಕ್ಷದ ಸರ್ಕಾರವಿದ್ದರೂ ಆ ಶೇ 6 ಒಂದು ವರ್ಷವೂ ಮುಟ್ಟಲಿಲ್ಲ. ಸಂಕಲ್ಪಕ್ಕೇನೂ ಬರವಿಲ್ಲ, ಅದಕ್ಕೆ ಯಾರು, ಯಾವ ದಿನದೊಳಗೆ, ಯಾವ ಲೆಕ್ಕಶೀರ್ಷಿಕೆಯಲ್ಲಿ ಹೊಣೆ ಎಂಬುದು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ.

ಇದನ್ನು ತಮಗೇ ಬರೆಯಲು ಕಾರಣವಿದೆ. 2018ರಲ್ಲಿ ಕೇಂದ್ರ ಸರ್ಕಾರವು ಅಭಿವೃದ್ಧಿಯಲ್ಲಿ ಹಿಂದುಳಿದ ಜಿಲ್ಲೆಗಳನ್ನು ‘ಮಹತ್ವಾಕಾಂಕ್ಷಿ ಜಿಲ್ಲೆಗಳು’ ಎಂದು ಆರಿಸಿದಾಗ ಕರ್ನಾಟಕದಿಂದ ಪಟ್ಟಿಗೆ ಸೇರಿದ್ದು ರಾಯಚೂರು ಮತ್ತು ಯಾದಗಿರಿ ಎರಡೇ. ಆ ಎರಡೂ ಜಿಲ್ಲೆಗಳ ಬಹುಭಾಗ ತಮ್ಮ ಕ್ಷೇತ್ರದಲ್ಲಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ರಾಯಚೂರಿನದು ಶೇ 59.56, ಇಲ್ಲಿಯ ಹೆಣ್ಣುಮಕ್ಕಳದು ಶೇ 48.73. ಆಗ ಅಕ್ಷರ ಬಾರದಿದ್ದ ತಾಯಂದಿರ ಮಕ್ಕಳೇ ಇಂದು ನಮ್ಮ ಸರ್ಕಾರಿ ಶಾಲೆಗಳಲ್ಲಿ ಕೂತಿದ್ದಾರೆ. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದ ಈ ಮಕ್ಕಳಿಗೆ ಶಾಲೆಯ ಒಂದು ದಿನ ತಪ್ಪಿದರೂ ಅದನ್ನು ತುಂಬಿಕೊಡುವ ಇನ್ನೊಂದು ದಾರಿ ಇರುವುದಿಲ್ಲ.

ತಪ್ಪುತ್ತಿರುವುದು ಒಂದು ದಿನವೂ ಅಲ್ಲ. ದಸರಾ ಮುಗಿದು ದೀಪಾವಳಿ ಬರುವ ಹೊತ್ತಿಗೆ ದೇವದುರ್ಗ, ಲಿಂಗಸುಗೂರು ಕಡೆಯ ತಾಂಡಾಗಳಲ್ಲಿ, ನೀರಾವರಿ ಇಲ್ಲದ ಮಡ್ಡಿ ಊರುಗಳಲ್ಲಿ ಗುಳೆ ಆರಂಭವಾಗುತ್ತದೆ. ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೆ ಹೋಗುವವರು ಮಕ್ಕಳನ್ನು ಕರೆದುಕೊಂಡೇ ಹೋಗುತ್ತಾರೆ. ಊರಲ್ಲಿ ಉಳಿದವರ ಮಕ್ಕಳು ಹತ್ತಿ ಬಿಡಿಸುವ ಹಂಗಾಮಿನಲ್ಲಿ ಬೆಳಗಿನ ಟಂಟಂ ಗಾಡಿ ಹತ್ತುತ್ತಾರೆ. ದೊಡ್ಡವಳು ಹತ್ತಿ ಬಿಡಿಸಲು, ಅವಳಿಗಿಂತ ಚಿಕ್ಕವಳು ಹೊಲದ ಬದುವಿನಲ್ಲಿ ಕೂಸನ್ನು ಹಿಡಿದುಕೊಳ್ಳಲು. ಆದರೂ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಅವರೆಲ್ಲರ ಸ್ಯಾಟ್ಸ್ (ವಿದ್ಯಾರ್ಥಿ ಗುರುತಿನ) ಸಂಖ್ಯೆ ಶಾಲೆಯಲ್ಲೇ ಇರುತ್ತದೆ. ಜಿಲ್ಲೆಯ ಪ್ರಗತಿ ಪರಿಶೀಲನೆಗೆ ಹೋಗುವ ಅಂಕಿ ದಾಖಲಾತಿಯದು, ಹಾಜರಿಯದಲ್ಲ. ಹೀಗಾಗಿ ಕಾಗದದಲ್ಲಿ ಮಗು ಶಾಲೆ ಬಿಟ್ಟಿಲ್ಲ, ಶಾಲೆಯಲ್ಲಿ ಮಗು ಇಲ್ಲ.

ಇದರ ಪೆಟ್ಟು ಎಲ್ಲಿ ಬೀಳುತ್ತದೆಂಬುದನ್ನು ವೃತ್ತಿಯಿಂದ ಬಲ್ಲವನಾಗಿ ಸ್ವಲ್ಪ ವಿವರಿಸುತ್ತೇನೆ. ಒಂದರಿಂದ ಮೂರನೆಯ ತರಗತಿಯವರೆಗೆ ನಮ್ಮಲ್ಲಿ ನಲಿಕಲಿ ಇದೆ. ಮಕ್ಕಳು ನೆಲದ ಮೇಲೆ ‘ತಟ್ಟೆ’ ಎಂದು ಕರೆಯುವ ಗುಂಪುಗಳಾಗಿ ಕೂರುತ್ತಾರೆ, ಕಾರ್ಡು ಹಿಡಿದು ಕಲಿಕಾ ಏಣಿಯನ್ನು ಒಂದೊಂದೇ ಮೈಲಿಗಲ್ಲಾಗಿ ಏರುತ್ತಾರೆ. ತಿಂಗಳುಗಟ್ಟಲೆ ಗುಳೆ ಹೋಗಿ ಬಂದ ಮಗು ತಾನು ಬಿಟ್ಟುಹೋದ ಮೈಲಿಗಲ್ಲಿನಿಂದಲೇ ಮುಂದುವರಿಯಬಹುದು. ಕಲಿಕೆಯನ್ನು ದಾಖಲಿಸುವ ಪ್ರಗತಿ ನೋಟದಲ್ಲಿ ಅದರ ಗುರುತು ಇರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ಈ ಪದ್ಧತಿಯ ಬಗ್ಗೆ ಶಿಕ್ಷಕರಲ್ಲಿ ನೂರು ತಕರಾರುಗಳಿವೆ, ನನಗೂ ಇವೆ. ಆದರೆ ಊರು ಬಿಟ್ಟುಹೋಗುವ ಮಗುವಿಗೆ ಇದರಷ್ಟು ಸಹನೆ ತೋರಿದ ಇನ್ನೊಂದು ವ್ಯವಸ್ಥೆಯನ್ನು ನಾನು ಕಾಣೆ. ನಾಲ್ಕನೆಯ ತರಗತಿಗೆ ಬಂದ ಕೂಡಲೇ ಏಣಿ ಮುಗಿಯುತ್ತದೆ, ಪಠ್ಯಪುಸ್ತಕ ಶುರುವಾಗುತ್ತದೆ, ಪಾಠ ಯಾರಿಗೂ ಕಾಯುವುದಿಲ್ಲ. ಯುಗಾದಿಗೆ ಮರಳಿದ ಮಗು ಭಾಗಾಕಾರ ಬಾರದೆಯೇ ಭಿನ್ನರಾಶಿಯ ಮುಂದೆ ಕೂರುತ್ತದೆ. ಹಿಂದಿನ ತರಗತಿಯ ಕಲಿಕೆಯನ್ನು ತುಂಬಿಕೊಡಲು ಜೂನ್‌ನಲ್ಲಿ ನಡೆಯುವ ಸೇತುಬಂಧ ಎಲ್ಲ ಮಕ್ಕಳಿಗೂ ಒಂದೇ ಅಳತೆಯದು. ತಿಂಗಳುಗಟ್ಟಲೆಯ ಕಂದಕವನ್ನು ಅದು ಮುಚ್ಚಲಾರದು. 2026–27ರ ಹೊತ್ತಿಗೆ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ ಓದಿ ಲೆಕ್ಕ ಮಾಡುವಂತಾಗಬೇಕೆಂಬ ಕೇಂದ್ರದ ನಿಪುಣ್ ಭಾರತ ಯೋಜನೆಯ ಗುರಿ ಒಳ್ಳೆಯದೇ. ಆದರೆ ಗುಳೆಯ ಮಗು ಜಾರಿ ಬೀಳುವುದು ಆ ಮೂರನೆಯ ತರಗತಿ ದಾಟಿದ ಮರುವರ್ಷ.

ಇದಕ್ಕೆ ಪರಿಹಾರ ಯಾರಿಗೂ ಗೊತ್ತಿಲ್ಲದ್ದೇನಲ್ಲ. ತಂದೆತಾಯಿ ದುಡಿಯಲು ಹೋದಾಗ ಮಕ್ಕಳು ಊರಲ್ಲೇ ಉಳಿದು ಓದಲು ಋತುಮಾನ ವಸತಿ ಕೇಂದ್ರಗಳನ್ನು ತೆರೆಯಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಆ ಯೋಜನೆಯ ಹಣದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ತೊಡಕಿರುವುದು ತಾರೀಖಿನಲ್ಲಿ. ಮಂಜೂರಾತಿ, ಕಂತು, ಕಟ್ಟಡ, ಅಡುಗೆಯವರು ಎಲ್ಲ ಒಂದುಗೂಡುವಷ್ಟರಲ್ಲಿ ಜನ ಗಂಟುಮೂಟೆ ಕಟ್ಟಿ ಬಸ್ಸು ಹತ್ತಿಯಾಗಿರುತ್ತದೆ. ದೀಪಾವಳಿಗೆ ಮುಂಚೆ ಬಾಗಿಲು ತೆರೆಯದ ಕೇಂದ್ರವನ್ನು ಜನವರಿಯಲ್ಲಿ ಉದ್ಘಾಟಿಸಿ ಫಲವಿಲ್ಲ.

ಕಟ್ಟುನಿಟ್ಟು ಮಾಡಿದರೆ ಸರ್ಕಾರಕ್ಕೆ ಆಗದ ಕೆಲಸವಿಲ್ಲವೆಂಬುದಕ್ಕೆ ಬಿಸಿಯೂಟವೇ ಸಾಕ್ಷಿ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗಡುವು ಹಾಕಿ ಆದೇಶಿಸಿತು. ಮರುವರ್ಷವೇ ಅಕ್ಷರ ದಾಸೋಹ ಶುರುವಾಯಿತು, ಅದೂ ಮೊದಲು ನಮ್ಮ ಉತ್ತರ ಭಾಗದ ಜಿಲ್ಲೆಗಳಲ್ಲಿ. ಅಡುಗೆಕೋಣೆಯೇ ಇಲ್ಲದ ಶಾಲೆಗಳಲ್ಲಿ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಅನ್ನ–ಸಾಂಬಾರು ಮಾಡಿದರು, ನಿಲ್ಲಿಸಲಿಲ್ಲ. ಅಂಥದೇ ಗಡುವು ಕಲಿಕೆಗೂ ಬೇಕು.

ಶಿಕ್ಷಣ ರಾಜ್ಯಕ್ಕೆ ಸೇರಿದ ವಿಷಯವೆಂಬ ಉತ್ತರವನ್ನು ದಯವಿಟ್ಟು ಕೊಡಬೇಡಿ. 1976ರ 42ನೇ ತಿದ್ದುಪಡಿಯಿಂದ ಅದು ಸಮವರ್ತಿ ಪಟ್ಟಿಯಲ್ಲಿದೆ. ಶಿಕ್ಷಕರ ನೇಮಕಾತಿ ರಾಜ್ಯದ ಕೆಲಸವೆಂಬುದು ನಿಜ, ಖಾಲಿ ಹುದ್ದೆಯಲ್ಲಿ ಅತಿಥಿ ಶಿಕ್ಷಕರನ್ನು ಕೂರಿಸಿ ವರ್ಷ ನೂಕುವ ಚಾಳಿಗೆ ಉತ್ತರಿಸಬೇಕಾದ್ದೂ ರಾಜ್ಯವೇ. ಆ ಪತ್ರವನ್ನು ಶಾಸಕರಿಗೆ ಬೇರೆಯಾಗಿ ಬರೆಯುವೆ. ರಾಷ್ಟ್ರೀಯ ನೀತಿ ಬೇಕೋ ರಾಜ್ಯದ್ದೇ ನೀತಿ ಬೇಕೋ ಎಂಬ ಜಗಳದಲ್ಲಿಯೂ ನನಗೆ ಆಸಕ್ತಿಯಿಲ್ಲ. ರಾಯಚೂರು ಕೇಳಿದ ಐಐಟಿ ಧಾರವಾಡದ ಪಾಲಾದ ನೋವು, ಏಮ್ಸ್‌ಗಾಗಿ ಊರವರು ಧರಣಿ ಕೂತ ಛಲ ಎರಡೂ ನನ್ನವೂ ಹೌದು. ಆದರೆ ನಾಲ್ಕನೆಯ ತರಗತಿಗಾಗಿ ಈ ಜಿಲ್ಲೆಯಲ್ಲಿ ಯಾರೂ ಪೆಂಡಾಲು ಹಾಕಿ ಕೂತದ್ದನ್ನು ನಾನು ಕಂಡಿಲ್ಲ. ಹತ್ತನೆಯ ತರಗತಿ ದಾಟದ ನಮ್ಮ ಮಕ್ಕಳಿಗೆ ಏಮ್ಸ್‌ನಲ್ಲಿ ಸಿಗುವ ಕೆಲಸ ಯಾವುದೆಂದು ತಮಗೆ ಹೇಳಬೇಕಾಗಿಲ್ಲ.

ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ದಿಶಾ ಸಮಿತಿಯ ಅಧ್ಯಕ್ಷತೆ ಲೋಕಸಭಾ ಸದಸ್ಯರದು. ಮುಂದಿನ ಸಭೆಯಲ್ಲಿ ದಾಖಲಾತಿಯ ಅಂಕಿಯನ್ನು ಪಕ್ಕಕ್ಕಿಡಿಸಿ, ಕಳೆದ ಜನವರಿಯಲ್ಲಿ ದೇವದುರ್ಗ ತಾಲ್ಲೂಕಿನ ನಾಲ್ಕು ಮತ್ತು ಐದನೆಯ ತರಗತಿಗಳ ಹಾಜರಿಯನ್ನು ಶಾಲಾವಾರು ತರಿಸಿಕೊಳ್ಳಿ. ಋತುಮಾನ ವಸತಿ ಕೇಂದ್ರಗಳು ಈ ವರ್ಷ ಯಾವ ತಾರೀಖಿಗೆ ತೆರೆಯುತ್ತವೆಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಂದ ಲಿಖಿತವಾಗಿ ಪಡೆದು ಸಭೆಯ ನಡವಳಿಯಲ್ಲಿ ಸೇರಿಸಿ. ಗುಳೆಯಿಂದ ಮರಳಿದ ಮಕ್ಕಳಿಗೆ ಬೇಸಿಗೆಯಲ್ಲಿ ಪ್ರತ್ಯೇಕ ತರಗತಿ ನಡೆಸಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಹಣ ಕೇಳಿ. ಆ ಹಣ ಕೊಠಡಿ, ಕಾಂಪೌಂಡ್‌ಗಳಿಗಷ್ಟೇ ಇರಬೇಕೆಂಬ ನಿಯಮವಿಲ್ಲ. ಸಂಸತ್ತಿನಲ್ಲಿ ಶೇ 6ನ್ನು ಯಾವ ವರ್ಷ ಮುಟ್ಟುತ್ತೀರೆಂದು ಇಸವಿ ಸಮೇತ ಕೇಳುವ ಪ್ರಶ್ನೆಯೊಂದನ್ನು ಈ ಅಧಿವೇಶನದಲ್ಲೇ ಹಾಕಿ. ಬಂದ ಉತ್ತರವನ್ನು ನಮ್ಮ ಪತ್ರಿಕೆಗಳಿಗೆ ಕಳಿಸಿಕೊಡಿ.

ವಂದನೆಗಳೊಂದಿಗೆ,

ತಮ್ಮ ಕ್ಷೇತ್ರದ ಮತದಾರ,
ನಿವೃತ್ತ ಪ್ರಾಥಮಿಕ ಶಾಲಾ ಮುಖ್ಯ ಶಿಕ್ಷಕ,
ದೇವದುರ್ಗ ತಾಲ್ಲೂಕು, ರಾಯಚೂರು ಜಿಲ್ಲೆ