ಹಬ್ಬ ಇದೆ ಅಂತ ಮೊದಲೇ ಹೇಳಿ

ಅಮೆರಿಕದಲ್ಲಿ ಓದುವ ಕನ್ನಡಿಗರ ನಮ್ಮ ಸಂಘದ ಪತ್ರಿಕೆಗೆ ಈ ಸಲದ ಸಂಪಾದಕೀಯವನ್ನು ದಾವಣಗೆರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿ ಹಬ್ಬ ಬಂತು ಅಂತ ಯಾರೂ ಯಾರಿಗೂ ಹೇಳಬೇಕಿಲ್ಲ, ಚೌಕಿಪೇಟೆಗೆ ಒಂದು ಸುತ್ತು ಹೋಗಿ ಬಂದರೆ ಸಾಕು. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮಾರನೇ ದಿನವೇ ರಂಜಾನ್ ಹಬ್ಬ. ಬೇವು-ಬೆಲ್ಲ ಹೋದ ಮನೆಯಿಂದ ಸುರಕುಂಬಾ ಬರುವುದು ಈ ಊರಲ್ಲಿ ಸುದ್ದಿಯೇ ಅಲ್ಲ.

ಅಮೆರಿಕದ ಕ್ಯಾಂಪಸ್ಸಿನಲ್ಲಿ ಹಾಗಲ್ಲ. ಅಲ್ಲಿ ಯಾರಾದರೂ ಹೇಳಲೇಬೇಕು. ಎಷ್ಟೋ ಯೂನಿವರ್ಸಿಟಿಗಳು ವರ್ಷದ ಶುರುವಿನಲ್ಲೇ ಬೇರೆ ಬೇರೆ ಧರ್ಮದ ಹಬ್ಬಗಳ ಪಟ್ಟಿ ಮಾಡಿ ಪ್ರೊಫೆಸರುಗಳಿಗೆ ಕಳಿಸುತ್ತವೆ. ಅದರಲ್ಲಿ ದೀಪಾವಳಿ ಇರುತ್ತದೆ, ಆದರೆ ಬಸವ ಜಯಂತಿಯನ್ನು ನಾನಂತೂ ನೋಡಿಲ್ಲ. ಅದು ಬರುವುದು ಏಪ್ರಿಲ್-ಮೇನಲ್ಲಿ, ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೇ. (ದಾವಣಗೆರೆಯ ದುಗ್ಗಮ್ಮನ ಜಾತ್ರೆಯನ್ನು ಪಟ್ಟಿಗೆ ಸೇರಿಸಿ ಅಂತ ನಾನೂ ಕೇಳಲ್ಲ, ಅದು ಎರಡು ವರ್ಷಕ್ಕೊಮ್ಮೆ, ಅದಕ್ಕೆ ಟಿಕೆಟ್ ತೆಗೆದುಕೊಂಡು ಊರಿಗೇ ಬರಬೇಕು.)

ನಮ್ಮ ಹುಡುಗ ಹುಡುಗಿಯರು ಮಾಡುವುದೇನು? ಸುಮ್ನೆ ಯಾಕೆ ಪ್ರೊಫೆಸರ್ ಕಣ್ಣಿಗೆ ಬೀಳೋದು ಅಂತ ಹಬ್ಬದ ದಿನವೂ ಹೋಗಿ ಪರೀಕ್ಷೆ ಬರೆಯುತ್ತಾರೆ, ಆಮೇಲೆ ನಮ್ಮ ಸಂಘದ ಊಟದಲ್ಲಿ ಕೂತು ನಮ್ಮ ಹಬ್ಬ ಇಲ್ಲಿ ಯಾರಿಗೂ ಗೊತ್ತಿಲ್ಲ ಅಂತ ಗೊಣಗುತ್ತಾರೆ. ಹೇಳದೆ ಹೇಗೆ ಗೊತ್ತಾಗಬೇಕು? ನ್ಯೂಯಾರ್ಕ್ ರಾಜ್ಯದಲ್ಲಿ ಇದಕ್ಕೆ ಕಾನೂನೇ ಇದೆ. ಧರ್ಮದ ಕಾರಣಕ್ಕೆ ಪರೀಕ್ಷೆ ತಪ್ಪಿದರೆ ಬೇರೆ ದಿನ ಬರೆಯಲು ಅವಕಾಶ ಕೊಡಬೇಕು, ಅದಕ್ಕೆ ಫೀಸು ಕೇಳುವಂತಿಲ್ಲ. ಬೇರೆ ಕಡೆ ಆಯಾ ಯೂನಿವರ್ಸಿಟಿಯ ನಿಯಮ ನೋಡಿಕೊಳ್ಳಿ. ತರಗತಿ ಶುರುವಾದ ಮೊದಲ ವಾರಗಳಲ್ಲೇ ಒಂದು ಇಮೇಲ್ ಹಾಕಿ. ಹಿಂದಿನ ರಾತ್ರಿ ಹಾಕಿದರೆ ಯಾರಿಗಾದರೂ ನೆಪ ಅನ್ನಿಸುತ್ತದೆ, ಅಲ್ವಾ?

ಇನ್ನೊಂದು ಮಾತು. ನಮ್ಮಲ್ಲಿ ಜಾಸ್ತಿ ಜನ ಟೀಚಿಂಗ್ ಅಸಿಸ್ಟೆಂಟುಗಳು, ಕ್ವಿಜ್ ದಿನ ಗೊತ್ತು ಮಾಡುವವರು. ಬೇರೆಯವರ ಹಬ್ಬ ನಮಗೆಷ್ಟು ಗೊತ್ತು? ರಂಜಾನ್ ತಿಂಗಳು ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಯಾಕೆಂದರೆ ಆ ಪಂಚಾಂಗದಲ್ಲಿ ಅಧಿಕ ಮಾಸ ಇಲ್ಲ. ಹೋದ ವರ್ಷದ ತಾರೀಖು ಈ ವರ್ಷಕ್ಕೆ ಬರಲ್ಲ. ಯಹೂದಿಗಳಲ್ಲಿ ನಮ್ಮ ಹಾಗೆಯೇ ಅಧಿಕ ಮಾಸ ಉಂಟು, 19 ವರ್ಷಕ್ಕೆ 7 ಸಲ. ಅದಕ್ಕೇ ಅವರ ಪ್ರಾಯಶ್ಚಿತ್ತದ ಹಬ್ಬ ಯೋಮ್ ಕಿಪ್ಪುರ್ ಸೆಪ್ಟೆಂಬರ್-ಅಕ್ಟೋಬರ್ ಬಿಟ್ಟು ಆಚೀಚೆ ಹೋಗಲ್ಲ. ಅವತ್ತು ಸುಮಾರು 25 ಗಂಟೆ ಅನ್ನ ನೀರು ಎರಡೂ ಇಲ್ಲ, ಮತ್ತು ಹಬ್ಬ ಶುರುವಾಗುವುದು ಹಿಂದಿನ ದಿನ ಸೂರ್ಯ ಮುಳುಗುವಾಗ. ಕ್ಯಾಲೆಂಡರಿನಲ್ಲಿ ಇರುವ ತಾರೀಖು ಮಾತ್ರ ನೋಡಿ ಮುಂಚಿನ ಸಂಜೆ ಪ್ರಾಜೆಕ್ಟ್ ಮೀಟಿಂಗ್ ಇಡುವವರು ಇದನ್ನು ಗಮನಿಸಬೇಕು.

ಮುಂದಿನ ಸಂಚಿಕೆಯಲ್ಲಿ ನಮ್ಮದೇ ಒಂದು ಪಟ್ಟಿ ಹಾಕುತ್ತೇವೆ. ನಿಮ್ಮ ಮನೆಯಲ್ಲಿ ನಡೆಯುವ ಹಬ್ಬ ಯಾವುದು, ಅವತ್ತು ಊಟವೋ ಉಪವಾಸವೋ, ರಾತ್ರಿ ಜಾಗರಣೆ ಇದೆಯೋ, ಇಷ್ಟು ಬರೆದು ಕಳಿಸಿ. ಜೈನರು, ಕ್ರೈಸ್ತರು, ಮುಸ್ಲಿಮರು ಸಂಘದಲ್ಲಿ ಇದ್ದೀರಿ, ನೀವೂ ಬರೆಯಿರಿ.