ಶಾಂಘೈಗೆ ಹೊರಟ ಪುಟ್ಟನಿಗೆ

ಚಿ. ಪುಟ್ಟನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಪಟ್ಟಿ ನೋಡಿದೆ. ಮೊದಲ ದಿನಕ್ಕೇ ಬಂಡ್ ಎಂಬ ನದಿದಂಡೆ, ಯು ಗಾರ್ಡನ್ ಎಂಬ ಹಳೆಯ ತೋಟ, ಶಾಂಘೈ ಟವರ್, ಮ್ಯೂಸಿಯಂ ನಾಲ್ಕನ್ನೂ ತುರುಕಿದ್ದೀಯ. ಮೂರನ್ನು ಹೊಡೆದುಹಾಕು. ಆ ಊರಿನಲ್ಲಿ ಪರ್ಸು, ಟಿಕೆಟ್ಟು, ನಕಾಶೆ, ದುಭಾಷಿ ಎಲ್ಲವೂ ಫೋನೇ. ಅದು ಸಜ್ಜಾಗುವ ತನಕ ಒಂದು ಬಾಟಲಿ ನೀರು ಕೊಳ್ಳುವುದಕ್ಕೂ ಪರದಾಡುತ್ತೀಯ.

ಆದ್ದರಿಂದ ಹೊರಡುವ ಮೊದಲೇ, ಮನೆಯಲ್ಲಿ ಕೂತು ಅಲ್ಲಿನವರ ಪಾವತಿ ಆ್ಯಪ್ ಅಲಿಪೇ ಹಾಕಿಕೋ. ಪಾಸ್‌ಪೋರ್ಟಿನ ಫೋಟೊ ಕೊಟ್ಟು ಗುರುತು ದೃಢಪಡಿಸು, ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸು. ನಮ್ಮ ಯುಪಿಐ ಅಲ್ಲಿ ಲೆಕ್ಕಕ್ಕಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಆನ್ ಮಾಡದಿದ್ದರೆ ಕಾರ್ಡು ಜೋಡಣೆಯೇ ಆಗದು. ಒಟಿಪಿ ಬರುವುದು ಇಲ್ಲಿನ ನಂಬರಿಗೆ. ಹಾಗಾಗಿ ಆ ಸಿಮ್ ರೋಮಿಂಗ್‌ನಲ್ಲಿ ಜೀವಂತವಾಗಿರಲಿ. ಸಾಧ್ಯವಾದರೆ ಎರಡು ಬ್ಯಾಂಕುಗಳ ಕಾರ್ಡು ಜೋಡಿಸು. ಚೀನಾದಿಂದ ಬಂದ ಮೊದಲ ಪಾವತಿಯನ್ನು ಬ್ಯಾಂಕು ಅನುಮಾನದಿಂದ ತಡೆದರೆ ಇನ್ನೊಂದು ಕೈಹಿಡಿಯುತ್ತದೆ. 200 ಯುವಾನ್ ಒಳಗಿನ ಪಾವತಿಗೆ ಶುಲ್ಕವಿಲ್ಲ, ಮೀರಿದರೆ ಶೇ. 3 ಕಡಿಯುತ್ತಾರೆ. ತಳ್ಳುಗಾಡಿಯವರು ಗೋಡೆಗೆ ಅಂಟಿಸಿದ ಸ್ವಂತ ಖಾತೆಯ ಕೋಡ್ ವಿದೇಶಿ ಕಾರ್ಡಿಗೆ ಒಮ್ಮೊಮ್ಮೆ ಒಲಿಯುವುದಿಲ್ಲ. ಅದಕ್ಕೆಂದು ಒಟ್ಟು 500 ಯುವಾನ್‌ನಷ್ಟು ಚಿಲ್ಲರೆ ನೋಟುಗಳು ಜೇಬಿನಲ್ಲಿರಲಿ. ನಿನ್ನ ಪಾವತಿ ಕೋಡಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪ್ರಯೋಜನವಿಲ್ಲ, ಅದು ಆಗಾಗ ಬದಲಾಗುತ್ತಿರುತ್ತದೆ.

ವಾಟ್ಸಾಪ್, ಗೂಗಲ್, ಯೂಟ್ಯೂಬ್, ಇನ್‌ಸ್ಟಾಗ್ರಾಂ ಅಲ್ಲಿ ಬಂದ್. ಹೋಟೆಲ್ಲಿನ ವೈಫೈಯಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಆದರೆ ಹೊರದೇಶದ ಸಿಮ್‌ನ ರೋಮಿಂಗ್ ಡೇಟಾ ಅದರ ಮೂಲ ದೇಶದ ಮೂಲಕ ಹಾದುಹೋಗುವುದರಿಂದ ಅದರಲ್ಲಿ ಸಾಮಾನ್ಯವಾಗಿ ಎಲ್ಲವೂ ನಡೆಯುತ್ತದೆ. ರೋಮಿಂಗ್ ಪ್ಯಾಕ್ ಇಲ್ಲಿಂದಲೇ ಹಾಕಿಸಿಕೊಂಡು ಹೋಗು. ಗೂಗಲ್ ಮ್ಯಾಪ್ ತೆರೆದರೂ ನಂಬಬೇಡ. ಚೀನಾದ ನಕಾಶೆಗಳ ಲೆಕ್ಕಾಚಾರವೇ ಬೇರೆ, ನಿನ್ನ ಚುಕ್ಕಿ ಕೆಲವು ನೂರು ಮೀಟರ್ ಆಚೆ ಕಾಣಿಸಬಹುದು. ಅಲ್ಲಿನದೇ ನಕಾಶೆ ಆ್ಯಪ್ ಆಮ್ಯಾಪ್ ಹಾಕಿಕೋ. ಹೋಟೆಲ್ಲಿನ ಹೆಸರು, ವಿಳಾಸ ಚೀನೀ ಲಿಪಿಯಲ್ಲೇ ಫೋನಿನಲ್ಲಿರಲಿ, ಒಂದು ಚೀಟಿಯಲ್ಲೂ ಇರಲಿ. ಇಂಗ್ಲಿಷ್ ಹೆಸರು ಹೇಳಿದರೆ ಟ್ಯಾಕ್ಸಿಯವನಿಗೆ ತಿಳಿಯುವುದು ಅಪರೂಪ.

ಪುಡಾಂಗ್ ನಿಲ್ದಾಣದಲ್ಲಿ ಇಳಿದಾಗ ಅಯಸ್ಕಾಂತದ ಬಲದಲ್ಲಿ ತೇಲಿ ಓಡುವ ಮ್ಯಾಗ್ಲೆವ್ ರೈಲು ಕಣ್ಣು ಕುಕ್ಕುತ್ತದೆ. 30 ಕಿಲೋಮೀಟರನ್ನು ಎಂಟು ನಿಮಿಷದಲ್ಲಿ ಮುಗಿಸುತ್ತದೆ, ಟಿಕೆಟ್ 50 ಯುವಾನ್. ಆದರೆ ಅದು ಲಾಂಗ್‌ಯಾಂಗ್ ರಸ್ತೆಗೇ ನಿಂತುಬಿಡುತ್ತದೆ. ಅಲ್ಲಿಂದ ಪೆಟ್ಟಿಗೆ ಎಳೆದುಕೊಂಡು ಮತ್ತೆ ಮೆಟ್ರೊ ಹತ್ತಬೇಕು. ಮೋಜಿಗೆ ಬೇಕಾದರೆ ಹಿಂದಿರುಗುವ ದಿನ ಹತ್ತು. ಬರುವಾಗ ಮೆಟ್ರೊ 2ನೇ ಮಾರ್ಗ ಹಿಡಿ. ಊರ ನಡುವಿನ ಪೀಪಲ್ಸ್ ಸ್ಕ್ವೇರ್‌ಗೆ ಗಂಟೆಯ ಮೇಲಾಗುತ್ತದೆ, ಹತ್ತು ಯುವಾನ್ ಒಳಗೆ ಮುಗಿಯುತ್ತದೆ. ವಿಮಾನ ತಡರಾತ್ರಿಯದಾದರೆ ಮೆಟ್ರೊ ಇರುವುದಿಲ್ಲ. ಆಗ ಅಧಿಕೃತ ಟ್ಯಾಕ್ಸಿ ಸಾಲಿನಲ್ಲಿ ನಿಲ್ಲು, ಬಾಗಿಲಲ್ಲಿ ‘ಟ್ಯಾಕ್ಸಿ, ಟ್ಯಾಕ್ಸಿ’ ಎಂದು ಬೆನ್ನು ಹತ್ತುವವರ ಕಡೆ ತಿರುಗಿಯೂ ನೋಡಬೇಡ. ಆಮೇಲೆ ಊರೊಳಗೆ ಓಡಾಡಲು ಅಲಿಪೇ ಒಳಗೇ ಡಿಡಿ ಎಂಬ ಟ್ಯಾಕ್ಸಿ ಸೇವೆ ಇದೆ. ಹತ್ತುವಾಗ ಚಾಲಕ ನಿನ್ನ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳುತ್ತಾನೆ, ಗಾಬರಿಯಾಗಬೇಡ.

ಮೆಟ್ರೊದಲ್ಲಿ ನಿಲ್ದಾಣದ ಹೆಸರಿನಷ್ಟೇ ಮುಖ್ಯ ಹೊರಬಾಗಿಲಿನ ಸಂಖ್ಯೆ. ಪೀಪಲ್ಸ್ ಸ್ಕ್ವೇರ್‌ನಲ್ಲಿ ಮೂರು ಮಾರ್ಗ ಕೂಡುತ್ತವೆ. ತಪ್ಪು ಬಾಗಿಲಲ್ಲಿ ಮೇಲೆ ಬಂದರೆ ರಸ್ತೆ ದಾಟಲು ಮತ್ತೆ ಕೆಳಗಿಳಿಯಬೇಕಾದೀತು. ಮೇಲೆ ಬಂದ ಮೇಲೆ ದಿಕ್ಕು ತಿಳಿಯಲು ಒಂದು ಉಪಾಯ: ಹಳೆಯ ಪೇಟೆಯಲ್ಲಿ ಪ್ರಾಂತ್ಯಗಳ ಹೆಸರಿನ ರಸ್ತೆಗಳು (ಸಿಚುವಾನ್, ಹೆನಾನ್, ಜಿಯಾಂಗ್‌ಶಿ) ಉತ್ತರ–ದಕ್ಷಿಣ, ನಗರಗಳ ಹೆಸರಿನವು (ನಾನ್‌ಜಿಂಗ್, ಬೀಜಿಂಗ್, ಫುಝೌ) ಪೂರ್ವ–ಪಶ್ಚಿಮ. ಪೂರ್ವಕ್ಕೆ ನಡೆದರೆ ಹುವಾಂಗ್‌ಪು ನದಿ ಸಿಕ್ಕೇ ಸಿಗುತ್ತದೆ.

ರಸ್ತೆ ದಾಟುವಾಗ ನಿನ್ನ ಅಭ್ಯಾಸವೇ ನಿನಗೆ ಶತ್ರು. ವಾಹನಗಳು ಬಲಬದಿಯಲ್ಲಿ ಓಡುವುದರಿಂದ ಮೊದಲು ಎಡಕ್ಕೆ ನೋಡು. ನಿನಗೆ ಹಸಿರು ದೀಪ ಬಿದ್ದಿದ್ದರೂ ಬಲಕ್ಕೆ ತಿರುಗುವ ಕಾರುಗಳು ಬರುತ್ತಿರುತ್ತವೆ. ವಿದ್ಯುತ್ ಸ್ಕೂಟರ್‌ಗಳಂತೂ ಸದ್ದೇ ಇಲ್ಲದೆ ಕಾಲುದಾರಿಗೂ ನುಗ್ಗುತ್ತವೆ.

ಇನ್ನು ಊಟ. ನೀನು ಸಸ್ಯಾಹಾರಿಯಾದ್ದರಿಂದ ಇದನ್ನು ಎರಡು ಸಲ ಓದು. ‘ಮಾಂಸ ಬೇಡ’ ಎಂದರೆ ಅಲ್ಲಿ ತುಂಡು ಮಾಂಸ ಬೇಡ ಎಂದಷ್ಟೇ ತಿಳಿದಾರು. ಸಾರು, ಹಂದಿಕೊಬ್ಬು, ಆಯ್ಸ್ಟರ್ ಎಂಬ ಚಿಪ್ಪುಜೀವಿಯ ಸಾಸ್, ಒಣ ಸಿಗಡಿ ಅವರ ಲೆಕ್ಕದಲ್ಲಿ ಬರೀ ರುಚಿ. ಇವೆಲ್ಲವನ್ನೂ ಒಂದೊಂದಾಗಿ ಹೆಸರಿಸಿದ ವಾಕ್ಯವನ್ನು ಚೀನೀ ಲಿಪಿಯಲ್ಲಿ ಬರೆಸಿಕೊಂಡು ತೋರಿಸು, ಬಾಯಲ್ಲಿ ಹೇಳಲು ಹೋಗಬೇಡ. ಮಾಪೋ ತೋಫು ಎಂಬ ಸೋಯಾ ಪನೀರಿನ ಖಾದ್ಯದಲ್ಲಿ ಸಾಮಾನ್ಯವಾಗಿ ದನದ ಕೈಮಾ ಇರುತ್ತದೆ. ಒಣಗೆ ಹುರಿದ ಬೀನ್ಸಿಗೂ, ಬದನೆಕಾಯಿಗೂ ಹಂದಿ ಕೈಮಾ ಉದುರಿಸುತ್ತಾರೆ. ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಕೂಡಿದ ‘ಡಿ ಸಾನ್ ಶಿಯನ್’ ಹೆಚ್ಚು ನಂಬಿಕೆಯದು. ನಿಶ್ಚಿಂತೆಯಿಂದ ಉಣ್ಣಬೇಕಾದರೆ ಬೌದ್ಧ ಸಸ್ಯಾಹಾರಿ ಹೋಟೆಲುಗಳಿಗೆ ಹೋಗು. ನಾನ್‌ಜಿಂಗ್ ಪಶ್ಚಿಮ ರಸ್ತೆಯ ಗೊಂಗ್‌ದೆಲಿನ್ 1922ರಿಂದ ನಡೆಯುತ್ತಿರುವ ಹೆಸರು. ಬೌದ್ಧ ಸಂಪ್ರದಾಯದ ಅಡುಗೆಯಲ್ಲಿ ನಮ್ಮ ಮಠದ ಊಟದ ಹಾಗೆ ಈರುಳ್ಳಿ–ಬೆಳ್ಳುಳ್ಳಿಯೂ ನಿಷಿದ್ಧ. ತಟ್ಟೆಯಲ್ಲಿ ಬಾತುಕೋಳಿಯ ಆಕಾರ ಕಂಡರೆ ಬೆಚ್ಚಬೇಡ, ಅದು ಸೋಯಾ. ನಲ್ಲಿ ನೀರು ಕುಡಿಯಬೇಡ. ಕೋಣೆಯ ಕೆಟಲಿನಲ್ಲಿ ಕಾಯಿಸಿಕೋ.

ನಾನ್‌ಜಿಂಗ್ ಪೂರ್ವ ರಸ್ತೆಯಲ್ಲಿ ಒಳ್ಳೆಯ ಇಂಗ್ಲಿಷಿನ ಹುಡುಗ ಹುಡುಗಿಯರು ತಾವಾಗಿ ಮಾತಿಗಿಳಿದು, ಫೋಟೊ ತೆಗೆಸಿಕೊಂಡು, ‘ಬನ್ನಿ, ಟೀ ರುಚಿ ನೋಡೋಣ’ ಎಂದರೆ ನಮಸ್ಕಾರ ಹೇಳಿ ನಡೆದುಬಿಡು. ನಾಲ್ಕು ಪುಟ್ಟ ಲೋಟಕ್ಕೆ ಸಾವಿರಾರು ಯುವಾನ್ ಬಿಲ್ಲು ಮಾಡುವ ಹಳೆಯ ಮೋಸ ಅದು.

ಮೊದಲ ದಿನ ಸಂಜೆ ಬಂಡ್ ಒಂದೇ ಸಾಕು. ಅಲ್ಲಿಂದ ಆಚೆ ದಡಕ್ಕೆ ಬಣ್ಣದ ದೀಪಗಳ ಸುರಂಗದಲ್ಲಿ ಹೋಗಲು 50 ಯುವಾನ್ ಕೀಳುತ್ತಾರೆ. ಸ್ಥಳೀಯರು ದಾಟುವ ದೋಣಿಗೆ 2 ಯುವಾನ್, ಜೊತೆಗೆ ಗಾಳಿ ಪುಕ್ಕಟೆ. 632 ಮೀಟರಿನ ಶಾಂಘೈ ಟವರ್ ಹತ್ತುವುದನ್ನು ಆಕಾಶ ತಿಳಿಯಾದ ದಿನಕ್ಕೆ ಇಡು, ಮೋಡವಿದ್ದರೆ ಹಣ ದಂಡ. ಯು ಗಾರ್ಡನ್ ಸೋಮವಾರ ಮುಚ್ಚಿರುತ್ತದೆ. ಹೊರಗಿನ ಬಜಾರನ್ನೇ ತೋಟವೆಂದುಕೊಂಡು ಮರಳುವವರೂ ಇದ್ದಾರೆ.

ಪಾಸ್‌ಪೋರ್ಟ್ ಸದಾ ಮೈಮೇಲಿರಲಿ. ದೂರದ ರೈಲಿಗೆ ಅದೇ ಟಿಕೆಟ್. ಹೋಟೆಲ್ ಬಿಟ್ಟು ಗೆಳೆಯನ ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಾಯಿಸಬೇಕು, ಹೋಟೆಲ್ಲಾದರೆ ಅವರೇ ಮಾಡುತ್ತಾರೆ. ತಲುಪಿದ ಕೂಡಲೇ ಅಮ್ಮನಿಗೆ ಫೋನ್ ಮಾಡು. ಅಲ್ಲಿ ರಾತ್ರಿ ಹತ್ತಾದಾಗ ಇಲ್ಲಿ ಏಳೂವರೆ, ಅವಳು ಎದ್ದೇ ಇರುತ್ತಾಳೆ.

ಇಂತಿ,
ಚಿಕ್ಕಪ್ಪ