ಕಡಲು ಕಾಣದ ಊರಿನಿಂದ ಒಂದು ಪತ್ರ

ಕೊಪ್ಪಳ

ಪ್ರೀತಿಯ ತಂಗಿಗೆ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಅದರೊಡನೆ ಇಟ್ಟಿದ್ದ ಚೀಟಿಯನ್ನು ಇನ್ನೂ ಹೆಚ್ಚು ಸಲ ಓದಿದೆ. ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್‌ನ ‘ಕಡಲಡಿಯಲ್ಲಿ ಇಪ್ಪತ್ತು ಸಾವಿರ ಲೀಗ್’ ಎಂಬ ಜಲಾಂತರ್ಗಾಮಿಯ ಕಾದಂಬರಿಯನ್ನು ಚಿಕ್ಕಂದಿನಿಂದ ಓದುತ್ತ ಬಂದು, ಅದರ ಗುಂಗಿನಲ್ಲಿಯೇ ಈ ಕಡಲ ಕಥೆಯನ್ನು ಬರೆದೆಯಂತೆ. ಕೃಷ್ಣೆಯ ನಡುಗಡ್ಡೆಯಿಂದ ಹರಗೋಲು ಹತ್ತಿ ಶಾಲೆಗೆ ಹೋದವಳಿಗೆ ಕಡಲಿನ ಉಸಾಬರಿ ಏಕೆ, ನಮ್ಮ ಬರಗಾಲದ ಬಗ್ಗೆ ಬರೆ ಎಂದು ಯಾರೋ ಹಿರಿಯರು ಅಂದರಂತೆ. ಇದನ್ನು ಒಲೆಗೆ ಹಾಕಲೇ ಎಂದು ನನ್ನನ್ನು ಕೇಳಿದ್ದೀಯೆ. ಅಧ್ಯಾಯ ಎಷ್ಟು ಉದ್ದವಿರಬೇಕು, ಪ್ರಕಾಶಕರನ್ನು ಹೇಗೆ ಹುಡುಕಬೇಕು ಎಂಬುದನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನರಿದ್ದಾರೆ, ನನ್ನನ್ನು ಬಿಡು.

ಮೊದಲು ಸಿಟ್ಟು ತೀರಿಸಿಕೊಳ್ಳುತ್ತೇನೆ. ಮೂರನೆಯ ಅಧ್ಯಾಯದಲ್ಲಿ ನಿನ್ನ ಹಡಗು ಇಪ್ಪತ್ತು ಸಾವಿರ ಲೀಗ್ ಆಳಕ್ಕೆ ಇಳಿಯುತ್ತದೆ. ಲೀಗ್ ಎಂದರೆ ನಮ್ಮ ಹರದಾರಿಯ ಜಾತಿಯ ಅಳತೆ. ವರ್ನ್‌ನ ಲೆಕ್ಕದಲ್ಲಿ ಅದು 4 ಕಿಲೋಮೀಟರ್. ಒಟ್ಟು 80,000 ಕಿಲೋಮೀಟರ್ ಆಯಿತು. ಭೂಮಿಯ ವ್ಯಾಸವೇ ಸುಮಾರು 12,700 ಕಿಲೋಮೀಟರ್ ಇರುವಾಗ, ನಿನ್ನ ಹಡಗು ಆಚೆ ಮಗ್ಗುಲಿನಿಂದ ಹೊರಬಿದ್ದು ಆಕಾಶ ಸೇರಿದೆ, ತಾಯಿ. ಆ ಶೀರ್ಷಿಕೆ ಹೇಳುವುದು ನೀರಡಿಯಲ್ಲಿ ಸಾಗಿದ ದಾರಿಯನ್ನು, ಇಳಿದ ಆಳವನ್ನಲ್ಲ. ಇಷ್ಟು ಪ್ರೀತಿಸಿದ ಪುಸ್ತಕದ ಹೆಸರನ್ನೇ ಅವಸರದಲ್ಲಿ ಓದುವುದೇ?

ಆದರೆ ನಾನು ಮಾಡಿದ್ದು ಇದಕ್ಕಿಂತ ದೊಡ್ಡ ತಪ್ಪು. ಇದೇ ಕಾದಂಬರಿಯನ್ನು ಕಾಲೇಜಿನ ದಿನಗಳಲ್ಲಿ, ಇಲ್ಲಿಯ ಕೋಟೆ ಕಾಣುವ ಮಾಳಿಗೆಯ ಮೇಲೆ, ಕಂದೀಲು ಹಚ್ಚಿಕೊಂಡು ಓದಿ ಹುಚ್ಚನಾಗಿದ್ದೆ. ಕೆಲವು ವರ್ಷಗಳ ಮೇಲೆ ಸಾಹಿತ್ಯದ ಗುಂಪೊಂದು ನನ್ನನ್ನು ಸೇರಿಸಿಕೊಂಡಾಗ, ಸಾಹಸದ ಕಥೆಗಳೆಲ್ಲ ಹುಡುಗರ ಕಾಲಹರಣವೆಂದು ವೇದಿಕೆಯಲ್ಲಿ ನುಡಿದು ಚಪ್ಪಾಳೆ ಗಿಟ್ಟಿಸಿದೆ. ಅಂದು ಎಲ್ಲರಿಗಿಂತ ಜೋರಾಗಿ ತಟ್ಟಿದವರೇ ಮುಂದೆ ನನ್ನ ಪುಸ್ತಕವನ್ನೂ ಅದೇ ಮಾತಿನಿಂದ ಹಳಿದರು. ಅದನ್ನು ಇನ್ನೂ ಮರೆತಿಲ್ಲ. ಅದು ಹೋಗಲಿ, ಆ ಭಾಷಣದ ನಂತರ ಎಂಟೊಂಬತ್ತು ವರ್ಷ ನಾನು ಬರೆದ ಪುಟಗಳಲ್ಲಿ ಒಬ್ಬನೇ ಒಬ್ಬ ಮನುಷ್ಯ ಯಾವುದನ್ನೂ ಕಂಡು ಹಿಗ್ಗಲಿಲ್ಲ. ಮೆಚ್ಚಿದ್ದನ್ನು ಮೆಚ್ಚಿಲ್ಲವೆಂದು ಹೇಳಿದವನ ಕೈಗೆ ತಗಲುವ ಶಾಪ ಅದು.

ಕಡಲಿಗೂ ನಮಗೂ ಏನು ಸಂಬಂಧವೆಂದು ಕೇಳಿದವರಿಗೆ ಒಂದು ವಿಷಯ ಹೇಳು. 1870ರಲ್ಲಿ ಮುಗಿದ ಆ ಕಥೆಯಲ್ಲಿ ಜಲಾಂತರ್ಗಾಮಿಯ ಒಡೆಯ ಕ್ಯಾಪ್ಟನ್ ನೆಮೊ ಯಾವ ದೇಶದವನೆಂಬುದು ತಿಳಿಯುವುದಿಲ್ಲ. ಸಿಂಹಳದ ಹತ್ತಿರ ಒಬ್ಬ ಬಡ ಮುತ್ತುಗಾರನನ್ನು ಶಾರ್ಕ್ ಮೀನಿನಿಂದ ಉಳಿಸಿ, ಅವನ ಕೈಗೆ ಮುತ್ತಿನ ಚೀಲವಿಟ್ಟಾಗ ಮಾತ್ರ ನೆಮೊನ ಒಳಗು ಇಣುಕುತ್ತದೆ. ವರ್ನ್ ಮುಂದೆ ಬರೆದ ‘ರಹಸ್ಯ ದ್ವೀಪ’ ಕಾದಂಬರಿಯಲ್ಲಿ ಅವನು ಬುಂದೇಲಖಂಡದ ರಾಜಕುಮಾರನೆಂದೂ ಟಿಪ್ಪುವಿನ ಹತ್ತಿರದ ಬಂಧುವೆಂದೂ ಬಯಲಾಗುತ್ತದೆ. ಇಸವಿಗಳ ಲೆಕ್ಕ ಕೊಂಚ ಕುಂಟುತ್ತದೆ, ಕುಂಟಲಿ. 1786ರಲ್ಲಿ ಟಿಪ್ಪು ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ ಇದೇ ಕೊಪ್ಪಳದ ಕೋಟೆಯ ನೆರಳಿನಲ್ಲಿ ಕುಳಿತು ಅದನ್ನು ಓದಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಇನ್ನು ನಿನ್ನ ಕಥೆಗೆ ಬರುತ್ತೇನೆ. ವರ್ನ್‌ನ ಜಲಾಂತರ್ಗಾಮಿಯ ಕಥೆಯಲ್ಲಿ ಕಾನ್ಸೇಯ್ ಎಂಬ ಸೇವಕನಿಗೆ ಮೀನುಗಳ ವರ್ಗ, ಗಣ, ಕುಲಗಳೆಲ್ಲ ಬಾಯಿಪಾಠ. ಎದುರಿಗಿರುವ ಮೀನು ಯಾವುದೆಂದು ಮಾತ್ರ ಗೊತ್ತಾಗದು. ತಿಮಿಂಗಿಲ ಬೇಟೆಗಾರ ನೆಡ್ ಲ್ಯಾಂಡ್‌ಗೆ ಮೀನುಗಳಲ್ಲಿ ಎರಡೇ ಜಾತಿ, ತಿನ್ನುವಂಥವು ಮತ್ತು ತಿನ್ನಲಾಗದವು. ಆ ಪುಟ ಓದಿದಾಗಲೆಲ್ಲ ಈಗಲೂ ಒಬ್ಬನೇ ನಗುತ್ತೇನೆ. ನಿನ್ನ ಹಸ್ತಪ್ರತಿಯ ತುಂಬ ಕಾನ್ಸೇಯ್ ಇದ್ದಾನೆ, ನೆಡ್ ಎಲ್ಲಿಯೂ ಇಲ್ಲ. ಮೀನು ಬಲೆಯಿಂದ ಬಾಣಲೆಗೆ ಬರುವುದನ್ನು ದಿನವೂ ಕಂಡವಳು ನೀನು. ಆದರೂ ಹಿರಿಯರು ನಕ್ಕಾರೆಂಬ ಅಂಜಿಕೆಯಿಂದ ಮೀನುಗಳಿಗೆ ಪಠ್ಯಪುಸ್ತಕದ ಹೆಸರು ಕೊಟ್ಟಿದ್ದೀಯೆ.

ನೆಮೊ ತನ್ನ ಅತಿಥಿಗೆ ಉಣಬಡಿಸುವ ಅಧ್ಯಾಯವನ್ನು ಮತ್ತೊಮ್ಮೆ ತೆರೆ. ಆಮೆಯ ಮಾಂಸ, ತಿಮಿಂಗಿಲದ ಹಾಲಿನ ಕೆನೆ, ಕಡಲಪಾಚಿಯಿಂದ ತೆಗೆದ ಸಕ್ಕರೆ, ಎಲ್ಲವೂ ಸಮುದ್ರದ್ದೇ. ಒಂದೊಂದನ್ನೂ ಹೆಸರಿಸುವಾಗ ಅವನಿಗೆ ಎಂಥ ಗರ್ವ! ನಿನ್ನ ಹಡಗಿನವರು ಇನ್ನೂರು ಪುಟಗಳುದ್ದಕ್ಕೂ ಉಪವಾಸವಿದ್ದಾರೆ.

ಹಸ್ತಪ್ರತಿಯನ್ನು ಇದರೊಂದಿಗೇ ಮರಳಿಸುತ್ತಿದ್ದೇನೆ. ಅವರಿಗೆ ಊಟಕ್ಕಿಟ್ಟ ಮೇಲೆ ಆ ಅಧ್ಯಾಯವೊಂದನ್ನು ಮೊದಲು ನನಗೆ ಕಳಿಸು.

ನಿನ್ನ ಅಣ್ಣ